ಪೋರ್ಟ್ ಟಾಲ್ಬಟ್‌ನಲ್ಲಿ ಮತ ಎಣಿಕೆ

ನವೆಂಬರಿನ ಎರಡನೆಯ ಗುರುವಾರ, ಪಬ್ಬಿನ ಹಿಂದಿನ ಕೋಣೆ.
ಹೀಟರು ಕೆಟ್ಟಿದೆ, ಕೋಟು ಯಾರೂ ಬಿಚ್ಚಿಲ್ಲ.
ಬಿಸ್ಕತ್ತಿನ ಡಬ್ಬಿಯ ಮುಚ್ಚಳಕ್ಕೆ ಸೀಳು ಕೊರೆದು
ಮೂವತ್ತೊಂದು ವರ್ಷವಾಯಿತು; ಪ್ರಶ್ನೆ ಅದೇ:
ಆಲ್ಡರ್‌ಮನ್ಸ್ ಹೆರಾನ್ ಮಾಡಿದ ಹದಿನಾಲ್ಕು ಆಲ್ಬಮ್ಮುಗಳಲ್ಲಿ
ಯಾವುದು ಶ್ರೇಷ್ಠ?
ಉತ್ತರ ಒಮ್ಮೆಯೂ ಎರಡು ವರ್ಷ ನಿಂತದ್ದಿಲ್ಲ.

ಗೆಥಿನ್ ಎದ್ದು ನಿಲ್ಲುತ್ತಾನೆ, ಕಟಕಟೆ ಹತ್ತಿದವನ ಹಾಗೆ:
"'ಉಪ್ಪಿನ ಗಡಿಯಾರ'. ಎಪ್ಪತ್ತಮೂರು. ಮುಗಿಯಿತು.
ಎರಡನೆಯ ಬದಿ ಪೂರ್ತಿ ಒಂದೇ ಹಾಡು,
ಹನ್ನೊಂದನೆಯ ನಿಮಿಷಕ್ಕೆ
ಆರ್ಗನ್ನು ಉಸಿರು ಬಿಡುತ್ತದಲ್ಲ..."
"ಉಸಿರಲ್ಲ ಅದು, ಗೊರಕೆ," ಅನ್ನುತ್ತಾನೆ ಎಮ್ಲಿನ್.
ಅವನ ಪಕ್ಷ 'ಅಂಚೆಯವನ ಸ್ವರ್ಗಾರೋಹಣ'.
ಜೋಡಿ ರೆಕಾರ್ಡು, ಮೂರು ಮಡಿಕೆಯ ಹೊದಿಕೆ,
ಹೊದಿಕೆಯೊಳಗೆ ಕೊಕ್ಕರೆ, ಕೊಕ್ಕರೆಯೊಳಗೆ ಊರು,
ಊರೊಳಗೊಂದು ಅಂಚೆಪೆಟ್ಟಿಗೆ, ಅದರೊಳಗೆ ಏನಿದೆಯೆಂದು
ಹದಿನಾರರ ವಯಸ್ಸಿನಲ್ಲಿ ಭೂತಗನ್ನಡಿ ಹಿಡಿದು
ಇಡೀ ಬೇಸಿಗೆ ಕಳೆದವನು.
ಏನಿತ್ತು?
ಹೇಳುವುದಿಲ್ಲ. ನೀವೇ ಕೊಂಡು ನೋಡಿ ಅನ್ನುತ್ತಾನೆ.

ಮಾತು ಏರುತ್ತದೆ. ಹಳೆಯ ಡ್ರಮ್ಮರ್ ಬಿಟ್ಟುಹೋದ ಮೇಲೆ
ಅದು ಬ್ಯಾಂಡೇ ಅಲ್ಲ ಅನ್ನುವವರು ಕಿಟಕಿಯ ಕಡೆ;
ಹೋದದ್ದೇ ಒಳ್ಳೆಯದಾಯಿತು ಅನ್ನುವವರು ಬಾಗಿಲ ಕಡೆ.
ನಡುವೆ ಚಿಪ್ಸಿನ ಪೊಟ್ಟಣ, ಯಾವ ಪಕ್ಷಕ್ಕೂ ಸೇರದ್ದು.
ಗಾಯಕನಿಗೆ ಈಗ ಎಪ್ಪತ್ತೇಳು. ಮೇಲಿನ ಸ್ವರಗಳನ್ನು
ಜನರಿಗೇ ಬಿಟ್ಟುಕೊಟ್ಟು ಮೈಕು ಚಾಚಿ ನಿಲ್ಲುತ್ತಾನೆ,
ಆಸ್ತಿ ಹಂಚುವ ಯಜಮಾನನಂತೆ.

ಇಡ್ವಲ್‌ಗೆ ಇದೊಂದೂ ಕೇಳಿಸದು.
ಉಕ್ಕಿನ ಮಿಲ್ಲು ಮೂವತ್ತೆಂಟು ವರ್ಷದಲ್ಲಿ
ಮೊದಲು ಹಕ್ಕಿಗಳನ್ನು ತೆಗೆದುಕೊಂಡಿತು, ಆಮೇಲೆ ಮೊಮ್ಮಕ್ಕಳನ್ನು,
ಕೊನೆಗೆ ಕೊಳಲಿನ ಭಾಗಗಳನ್ನು.
ಈಗ ಕುಲುಮೆಯೂ ತಣ್ಣಗಿದೆ. ಕಿವಿ ಮರಳಿ ಬರಲಿಲ್ಲ.
ಆದರೂ ತಪ್ಪದೆ ಬರುತ್ತಾನೆ. ರೆಕಾರ್ಡು ತಿರುಗತೊಡಗಿದರೆ
ಮೇಜಿಗೆ ಅಂಗೈ ಊರುತ್ತಾನೆ:

    ಮೂರು ನಾಲ್ಕರ, ಮೂರು ನಾಲ್ಕರ
    ಬೆರಳು ಮೇಜಿನ ಮರದ ಮೇಲಿದೆ;
    ಕಿವಿಗೆ ಕೇಳದು, ಎಲುಬು ಕೇಳಿತು,
    ಗಾಜು ಲೋಟದ ಬಿಯರು ನಡುಗಿತು

"ಮೂರನೆಯ ಸುತ್ತಿನಲ್ಲಿ ಒಂದು ಏಟು ಬಿಟ್ಟಿದ್ದಾನೆ,"
ಎಂದ, ಬೇಕಾದ್ದಕ್ಕಿಂತ ಗಟ್ಟಿಯಾಗಿ.
ಐವತ್ತು ವರ್ಷ, ಕಿವಿಯಿದ್ದವರು ಯಾರೂ ಗಮನಿಸಿರಲಿಲ್ಲ.
ಮುಳ್ಳು ಎತ್ತಿ ಮತ್ತೆ ಇಟ್ಟರು.
ಹೌದು. ಬಿಟ್ಟಿದ್ದಾನೆ.
ಗೆಥಿನ್ ಕೂತುಬಿಟ್ಟ.

ಚೀಟಿಗಳು ಬಿದ್ದವು. ಪ್ರತಿ ವರ್ಷದ ಹಾಗೆ ಒಂದೇ ಒಂದು
'ನಿಯಾನ್ ಹೃದಯ'ಕ್ಕೆ. ಎಂಬತ್ತಾರರದು, ಪ್ಲಾಸ್ಟಿಕ್ಕಿನ ಡ್ರಮ್ಮು,
ಹೊದಿಕೆಯ ಮೇಲೆ ಐವರೂ ಭುಜಕ್ಕೆ ದಿಂಬಿಟ್ಟ ಕೋಟಿನಲ್ಲಿ.
ಬ್ಯಾಂಡಿನವರೇ ಅದನ್ನು ತಮ್ಮದೆನ್ನಲು ನಾಚುತ್ತಾರೆ.
ಕೈಬರಹ ಎಲ್ಲರಿಗೂ ಗೊತ್ತು. ಈ ಸಲ ಯಾರೋ ಕೇಳಿಯೇಬಿಟ್ಟರು:
"ಯಾಕೆ, ನೆಸ್ಟಾ?"

ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದವಳು ಅವಳು.
"ಕ್ಯಾಸೆಟ್ಟು ಸಿಕ್ಕಿಕೊಂಡಿತ್ತು. ಬೆಣ್ಣೆಯ ಚಾಕು, ಹೇರ್‌ಪಿನ್ನು,
ಏನು ತೂರಿಸಿದರೂ ಹೊರಗೆ ಬರಲಿಲ್ಲ.
ಎರಡೂವರೆ ವರ್ಷ, ನಸುಕಿನ ನಾಲ್ಕಕ್ಕೆ, ಕಣಿವೆಯ ತುದಿತನಕ,
ಇಂಜಿನ್ನು ಶುರುವಾದರೆ ಅದೂ ಶುರು.
ಮೊದಲ ತಿಂಗಳು ಬೈದೆ. ಆರನೆಯ ತಿಂಗಳು ಜತೆಗೆ ಹಾಡಿದೆ.
ನೀವೆಲ್ಲ ಆರಿಸಿಕೊಂಡು ಪ್ರೀತಿಸಿದಿರಿ.
ನಂದು ಹಾಗಲ್ಲ."
ಅಷ್ಟು ಹೇಳಿ ಚಿಪ್ಸು ಮುಗಿಸಿದಳು.

ಏನಂತೆ, ಏನಂತೆ, ಎಂದು ಇಡ್ವಲ್ ಮೊಣಕೈ ತಿವಿದ.
ಎಮ್ಲಿನ್ ಒಂದು ಚೀಟಿಯ ಬೆನ್ನಿಗೆ ಬರೆದು ತೋರಿಸಿದ:
ವ್ಯಾನಿನಲ್ಲಿ ಸಿಕ್ಕಿಕೊಂಡಿತ್ತಂತೆ.
ಇಡ್ವಲ್ ಕನ್ನಡಕ ಮೇಲೇರಿಸಿ ಎರಡು ಸಲ ಓದಿದ,
ಬರಿಯ ಮೇಜಿಗೆ ಅಂಗೈ ಊರಿ
ನೆನಪಿನಿಂದಲೇ ಆ ಪ್ಲಾಸ್ಟಿಕ್ಕನ್ನು ಒಂದಷ್ಟು ಹೊತ್ತು ನಡೆಸಿದ.
"ಅದರಲ್ಲಿ," ಎಂದ, "ಒಂದು ಏಟೂ ತಪ್ಪಿಲ್ಲ."

ಎರಡು ಮತದಿಂದ ಅಂಚೆಯವನು ಗೆದ್ದ.
ಗೆಥಿನ್ ಮರುಎಣಿಕೆ ಕೇಳಿದ.
ಹೊರಗೆ ಕೊನೆಯ ಬಸ್ಸು ಹಾರ್ನು ಹೊಡೆಯಿತು.
ಯಾರೂ ಏಳಲಿಲ್ಲ.