ಎಡಕ್ಕೆ ತಿರುಗಿಸಿದರೆ ಹತ್ತಿರ

ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿಗೆ ಬೆನ್ನು ಹಾಕಿ ನಿಂತ
ನನ್ನ ಹತ್ತಡಿ ಸ್ಟುಡಿಯೊಗೆ
ಸುದ್ದಿ ಬಂದದ್ದು ಫೋನಿನಲ್ಲಿ:
‘ಮೇಡಂ, ನಿಮ್ಮ ಕಂಪನಿ ಕ್ಯಾಮೆರಾ ವಿಭಾಗ ಮಾರ್ತಾ ಇದೆಯಂತೆ.’
ಅಂತೆ.
ಯಾರಿಗೆ ಅಂತ ಗೊತ್ತಿಲ್ಲವಂತೆ. ಮುಚ್ಚುವುದಿಲ್ಲವಂತೆ.
ಮುಚ್ಚಲೂಬಹುದಂತೆ.

ನನ್ನ ಕಂಪನಿ!
ಹದಿಮೂರು ವರ್ಷದ ಹಿಂದೆ ಚೀಟಿ ಎತ್ತಿ ಕೊಂಡ
ಒಂದು ಬಾಡಿ, ಮೂರು ಲೆನ್ಸು.
ಅಷ್ಟಕ್ಕೇ ಆ ಮನೆತನದ ಹಿರಿಸೊಸೆಯ ಹಾಗೆ ಮೆರೆದಿದ್ದೆ
ಊರಿನ ಮಿಕ್ಕ ಫೋಟೊಗ್ರಾಫರುಗಳ ಎದುರು:
ನಮ್ಮದರ ಕಲರ್ ನೋಡ್ರಿ,
ನಿಮ್ಮದರಲ್ಲಿ ಮದುಮಗಳು ಕಾಮಾಲೆ ಬಂದವಳ ಹಾಗೆ ಕಾಣ್ತಾಳೆ.
ಈಗ ಅವರು ಟೀ ಅಂಗಡಿಯಲ್ಲಿ
ತೀರಾ ಮರ್ಯಾದೆಯಿಂದ ಮಾತಾಡಿಸುತ್ತಾರೆ.

ಲೆನ್ಸುಗಳನ್ನು ಟವೆಲಿನ ಮೇಲೆ ಸಾಲಾಗಿ ಇಟ್ಟೆ.
ದೊಡ್ಡದರ ಒಳಗೆ ಬೂಷ್ಟು, ಜೇಡದ ಕಾಲಿನಷ್ಟು.
ಚಿಕ್ಕದಕ್ಕೆ ಮೇಲೂರಿನ ನಾಮಕರಣದಲ್ಲಿ
ಅಕ್ಕನಾದ ಖುಷಿಗೆ ಪಾಯಸ ಕುಡಿಸಿದ್ದಳು ಒಬ್ಬಳು ಪುಟ್ಟಿ,
ಅದರ ರಿಂಗು ಇಂದಿಗೂ ಒಂದು ಕಡೆ ಅಂಟುತ್ತದೆ.
ಬಾಡಿ ಹೋದರೆ ಬಾಡಿ.
ಆದರೆ ಬೇರೆ ಮನೆಯ ಬಾಡಿಗೆ ಇವುಗಳ ಮೂತಿ ಕೂರುವುದಿಲ್ಲ.
ನಡುವೆ ಅಡಾಪ್ಟರ್ ಒಂದಿದೆ, ದುಬಾರಿ,
ಮಾತು ಬಿಟ್ಟ ಬೀಗರ ನಡುವೆ ಓಡಾಡುವ ಸೋದರತ್ತೆಯ ಹಾಗೆ
ಹೇಳಿದ್ದರಲ್ಲಿ ಅರ್ಧ ಮುಟ್ಟಿಸುತ್ತದೆ.

ರೀಲರ್ ಫಯಾಜುದ್ದೀನ್ ಪಾಸ್‌ಪೋರ್ಟ್ ಫೋಟೊಗೆ ಬಂದ.
ಹಳದಿ ಗೂಡಿನ ಕಾಲ ಮುಗೀತು ಅಂದವರ ಮಾತು ಕೇಳಿ
ಚರಕ ಹಿತ್ತಲಿಗೆ ಹಾಕಿ
ಬಿಳಿ ಗೂಡಿನ ಮೆಷಿನ್ನು ತಂದವನು.
‘ಹಳದಿ ಗೂಡು ಇನ್ನೂ ಮಾರ್ಕೆಟ್ಟಿಗೆ ಬರ್ತಾನೇ ಐತೆ, ಗಂಗರತ್ನಕ್ಕ.’
‘ಹಂಗಾದ್ರೆ ತಪ್ಪು ಮಾಡಿದ್ಯಾ?’
‘ಇಲ್ಲ. ಚರಕ ವಾಪಸ್ ಒಳಗೆ ತಂದೆ, ಎರಡೂ ಓಡ್ತಾವೆ.
ನಿದ್ದೆ ಒಂದು ಬರಲ್ಲ.’
ಗದ್ದ ಎತ್ತಿ ಕೂತ. ಉಸಿರು ಹಿಡಿದ.
ಕ್ಲಿಕ್ಕು ಕೇಳಿದ ಮೇಲೆ ಬಿಟ್ಟ.

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಅಂಗಡಿ.
ಗಾಜಿನ ಮೇಲೆ ಮೂರು ಮನೆತನದ ಮೂರು ಬಾಡಿ,
ಮಾರುವ ಹುಡುಗನ ಬಾಯಲ್ಲಿ ಮೂರಕ್ಕೂ ಒಂದೇ ಹೊಗಳಿಕೆ.
‘ಒಳಗೆ ಕನ್ನಡಿಯೇ ಇಲ್ಲ ಮೇಡಂ, ಸದ್ದೇ ಬರಲ್ಲ.’
ಸದ್ದೇ ಬರದಿದ್ದರೆ ನನ್ನ ಜನ
ಉಸಿರು ಯಾವಾಗ ಬಿಡಬೇಕು?
‘ಸದ್ದು ಬೇಕಿದ್ರೆ ಮೆನುವಿನಲ್ಲಿ ಹಾಕ್ಕೋಬಹುದು.’
‘ಈ ಕಂಪನಿ ಹತ್ತು ವರ್ಷ ಇರತ್ತೇನಪ್ಪ?’
‘ನಾನೇ ಬರೋ ತಿಂಗಳು ಇಲ್ಲಿ ಇರ್ತೀನೋ ಇಲ್ವೋ.’
ನಿಜ ಹೇಳಿದ್ದಕ್ಕೆ ಇನ್ನೂ ಅರ್ಧ ಗಂಟೆ ಕೂತೆ.

ಬಾಗಿಲಿನಾಚೆ ಕಾಕಡ ಕಟ್ಟುತ್ತಿದ್ದಳು ಒಬ್ಬಾಕೆ.
ಬೆರಳ ನಡುವಿನ ದಾರವನ್ನು ಹತ್ತಿರ ತರೋಣವೆಂದು
ರಿಂಗನ್ನು ಎಡಕ್ಕೆ ತಿರುಗಿಸಿದೆ.
ದೂರ ಹೋದಳು.
ಅವಳ ಬುಟ್ಟಿ, ಬುಟ್ಟಿಯ ಪಕ್ಕ ಮಲಗಿದ ನಾಯಿ,
ದ್ರಾಕ್ಷಿ ಕ್ರೇಟು ಇಳಿಸುವ ಟೆಂಪೊ,
ಟೆಂಪೊ ಮೇಲೆ ಗುಡ್ಡದ ಒಂದು ತುಂಡು
ಕರೆಯದೆ ಬಂದು ನಿಂತವು.
ಈ ಮನೆಯಲ್ಲಿ ಹತ್ತಿರ ಅನ್ನುವುದು ಬಲಕ್ಕಿದೆ.

ಹೆತ್ತವಳ ಹತ್ತಿರ ತೆಲುಗು, ಗಿರಾಕಿಗೆ ಕನ್ನಡ,
ಗೂಡಿನ ಮಾರ್ಕೆಟ್ಟಿನಲ್ಲಿ ಉರ್ದು.
ನಾಲಿಗೆ ಮೂರು ಕಡೆ ತಿರುಗುತ್ತದೆ ಯಾರೂ ಕಲಿಸದೆ.
ಕೈಗೇನು ರೋಗ?
ಹೀಗಂದುಕೊಂಡು ಎರಡು ಸಾವಿರ ಅಡ್ವಾನ್ಸ್ ಕೊಟ್ಟೆ.
ಯಾವುದಕ್ಕೆ ಎಂದು ಹುಡುಗ ಕೇಳಿದ,
ರಸೀದಿಯಲ್ಲಿ ಆ ಜಾಗ ಖಾಲಿ ಬಿಡು ಅಂದೆ.

ರಾತ್ರಿ ಊಟಕ್ಕೆ ಕೂತಾಗ
ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನು
ಬಲಕ್ಕೆ ತಿರುಗಿಸಿದೆ, ಕೈ ಪಳಗಲಿ ಎಂದು.
ಇನ್ನಷ್ಟು ಬಿಗಿಯಿತು.
ಅಮ್ಮ ಜಾಡಿ ಕಿತ್ತುಕೊಂಡಳು.
ಭಾನುವಾರ ವಿಜಯಪುರದಲ್ಲಿ ಮದುವೆ,
ಪಾಯಸ ಕುಡಿದ ಲೆನ್ಸನ್ನು
ಬ್ಯಾಗಿನಲ್ಲಿ ಮೇಲೆಯೇ ಇಟ್ಟಿದ್ದೇನೆ.