ಮೂರಕ್ಷರದ ಜಾಗ

ಬಿಳಿ ಗುಂಡನ್ನು ಎತ್ತಿದರೆ ಊರೆಲ್ಲ ಅದರ ಕೆಳಗಿರುತ್ತಿತ್ತು.
ಬ್ರಿಗೇಡ್ ರೋಡಿನ ನೆಲಮಾಳಿಗೆ, ಇಲ್ಯಾಸ್ ಸೇಠರ ವಿಡಿಯೋ ಪಾರ್ಲರು.
ತಿಂಗಳಿಗೆರಡು ಸೋಮವಾರ ನಾನು ಎಸ್‌ಪಿ ರೋಡಿನಿಂದ
ಸ್ಪಿರಿಟ್ಟು, ಹತ್ತಿ, ಟೆಸ್ಟರು ಹೊತ್ತು ಇಳಿಯುತ್ತಿದ್ದೆ.
ಉರುಳೆಗಳಿಗೆ ಸುತ್ತಿಕೊಂಡ ಕಪ್ಪು ಮೇಣವನ್ನು
ಉಗುರಿನಲ್ಲಿ ಕೆರೆದು ಮೂಸಿದರೆ ಸಾಕು:
ಇದು ಕಬಾಬಿನ ಎಣ್ಣೆ, ಇದು ಬಸ್ಸಿನ ಕಂಬಿ,
ಇದು ಕ್ಲಾಸಿಗೆ ಚಕ್ಕರ್ ಹೊಡೆದವನ ತಲೆಗೆಣ್ಣೆ,
ಇದು ಹುಲ್ಲು.

ಹುಲ್ಲೇ?
ಹನ್ನೆರಡು ಮೆಟ್ಟಿಲು ಕೆಳಗೆ, ಬಿಸಿಲು ಕಾಣದ ಕೋಣೆಯಲ್ಲಿ
ಯಾರ ಕೈಗೆ ಮೆತ್ತಿತು ಹುಲ್ಲು?

ಸೇಠ್ ಗಡ್ಡವೆತ್ತಿ ತೋರಿಸಿದರು.
ಸಗಾಯ. ಹೈಗ್ರೌಂಡ್ಸಿನ ಕ್ಲಬ್ಬಿನಲ್ಲಿ ಕ್ಯಾಡಿ.
ಬೆಳಿಗ್ಗೆ ಐದೂವರೆಗೆ ಹೆಗಲ ಮೇಲೆ ಬೇರೆಯವರ ಚೀಲ,
ಹದಿನೆಂಟು ಕುಳಿ ಮುಗಿಯುವ ತನಕ
ಬೇರೆಯವರ ಚೆಂಡಿನ ಹಿಂದೆ ಕಣ್ಣು.
ಗಾಳಿ ಯಾವ ಕಡೆ, ಇಳಿಜಾರು ಎಷ್ಟು, ಯಾವ ಕೋಲು,
ಹೇಳುವುದೆಲ್ಲ ಅವನೇ, ಹೊಡೆಯುವುದೊಂದು ಬಿಟ್ಟು.
ಸಂಜೆ ಐದು ಟೋಕನ್ನು ಕೊಂಡು
ಗಾಲ್ಫಿನ ಪೆಟ್ಟಿಗೆಯ ಮುಂದೆ ನಿಂತು
ತನ್ನನ್ನೇ ಕೇಳುತ್ತಿದ್ದ, "ಏನ್ ಕೊಡ್ಲಿ ಸಾರ್?"
ತಾನೇ ಹೇಳುತ್ತಿದ್ದ, ಕೊಂಚ ದಪ್ಪ ದನಿಯಲ್ಲಿ,
"ಐದನೇ ನಂಬರ್."

ಪಕ್ಕದ ಓಟದ ಪೆಟ್ಟಿಗೆಯಲ್ಲಿ ಹುಡುಗರು
ಎರಡು ಬಟನ್ನುಗಳನ್ನು ಸ್ಟೀಲ್ ಸ್ಕೇಲಿನಿಂದ ಬಡಿದೂ ಬಡಿದೂ
ನೂರು ಮೀಟರನ್ನು ಎಂಟು ಸೆಕೆಂಡಿಗೆ ಮುಗಿಸುತ್ತಿದ್ದರು.
ಬಟನ್ನು ಸೀಳುತ್ತಿತ್ತು. ನನಗೆ ಸಂಪಾದನೆ.
ಫುಟ್‌ಬಾಲಿನ ಪೆಟ್ಟಿಗೆಗೆ ಬೀಳುತ್ತಿದ್ದುದು ನಿಜವಾದ ಒದೆ.
ಇವನೊಬ್ಬ ಮಂಡಿ ಬಗ್ಗಿಸಿ, ಒಂದು ಕಣ್ಣು ಮುಚ್ಚಿ,
ಗಾಜಿನ ಹಸಿರನ್ನು ನೆಲಮಟ್ಟದಿಂದ ನೋಡುತ್ತಿದ್ದ.
ಗುಂಡನ್ನು ಹಿಂದಕ್ಕೆಳೆದು, ಉಸಿರು ಹಿಡಿದು, ತಳ್ಳಿದರೆ
ತಗಡಿನ ಅಂಚಿಗೆ ಸಿಕ್ಕ ಚರ್ಮ ಕಿತ್ತು ಬರುತ್ತಿತ್ತು.
ಅದರ ಕಡೆ ನೋಡುತ್ತಲೂ ಇರಲಿಲ್ಲ.
ಮೂಲೆಯ ಪುಟ್ಟ ಬಾಣ ಹೇಳುವ ಗಾಳಿಯನ್ನು ನಂಬುತ್ತಿರಲಿಲ್ಲ.
"ಈ ಮರ ಐತಲ್ಲ ಅಣ್ಣ, ಇಲ್ಲಿ ಗಾಳಿ ತಿರುಗ್ತದೆ."
ಮರ ಅಂದರೆ ಹದಿನಾರು ಹಸಿರು ಚುಕ್ಕಿ.
ತಿರುಗುತ್ತಿತ್ತು, ದೇವರಾಣೆಗೂ.

ಗೆದ್ದವನ ಹೆಸರಿಗೆ ಮೂರಕ್ಷರದ ಜಾಗ.
ಕನ್ನಡದಲ್ಲಾಗಿದ್ದರೆ ಸ, ಗಾ, ಯ
ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತಿತ್ತು.
ಪೆಟ್ಟಿಗೆಗೆ ಬರುತ್ತಿದ್ದುದು ಇಂಗ್ಲಿಷೊಂದೇ.
ಎಸ್, ಎ, ಜಿ ಎಂದು ಅರ್ಧಕ್ಕೇ ನಿಂತ,
ಅದೂ ಕರೆಂಟು ಇರುವ ತನಕ.
ದಿನಕ್ಕೆರಡು ಸಲ ಕರೆಂಟು ತೆಗೆಯುತ್ತಿದ್ದ ಬೇಸಗೆ.
ದೀಪ ಬಂದಾಗ ಪಟ್ಟಿಯ ತುಂಬ
ಕಂಪನಿಯವರೇ ತುಂಬಿಸಿದ ಹೆಸರುಗಳು,
ಒಂದು ಟೋಕನ್ನೂ ಹಾಕದವರು.

"ಕ್ಲಬ್ಬಲ್ಲಿ ಮರದ ಹಲಗೆ ಮೇಲೆ ಮೆಂಬರ್‌ಗಳ ಹೆಸ್ರು ಅಣ್ಣ,
ಚಿನ್ನದ ಬಣ್ಣ. ಕರೆಂಟ್ ಹೋದ್ರೂ ಇರ್ತದೆ."
ಬೇರೇನೂ ಕೇಳಲಿಲ್ಲ.

ಮುಂದಿನ ಸಲ ಹೋದಾಗ ನೀಲಿ ಬ್ಯಾಟರಿಯೊಂದನ್ನು,
ಹೆಬ್ಬೆಟ್ಟಿನಷ್ಟು, ಹದಿನೆಂಟು ರೂಪಾಯಿ,
ನೆನಪಿಟ್ಟುಕೊಳ್ಳುವ ಚಿಪ್ಪಿನ ಕಾಲಿಗೆ ಬೆಸೆದೆ.
ಸೇಠರ ಲೆಕ್ಕದಲ್ಲಿ ಬರೆಯಲಿಲ್ಲ.

ಆಮೇಲೆ ಎಷ್ಟು ಸಲ ಕತ್ತಲಾದರೂ
ಪಟ್ಟಿಯ ನೆತ್ತಿಯಲ್ಲಿ ಅವನೇ.
ಅವನು ಬರುವುದು ನಿಂತ ಮೇಲೂ ಅವನೇ.
ವೈಟ್‌ಫೀಲ್ಡ್ ಕಡೆ ಹುಲ್ಲು ಕತ್ತರಿಸುವ ಮಿಷನ್ನು ಓಡಿಸುತ್ತಾನೆ ಅಂದರು,
ಆಡಲು ಬಿಟ್ಟರಂತೆ ಅಂದರು. ವಿಚಾರಿಸಲಿಲ್ಲ ನಾನು.

ಒಂದು ದಿನ ಪರದೆಯಲ್ಲಿ ಬರೀ ಅಡ್ಡಗೆರೆ.
ಹಿಂಬಾಗಿಲು ತೆಗೆದೆ. ಬ್ಯಾಟರಿ ಬಾಯಿಬಿಟ್ಟು
ಸೋರಿದ ರಸ ತಾಮ್ರದ ದಾರಿಗಳನ್ನು ತಿಂದುಕೊಂಡು
ಬೋರ್ಡಿನ ಮೂಲೆಯಿಂದ ನಡುವಿನವರೆಗೂ
ಹಸಿರು, ಬೆಳಗಿನ ಹುಲ್ಲಿನ ಹಾಗೆ ಹಸಿರು.
ಹೆಸರನ್ನು ಉಳಿಸಿದ್ದೂ ಅದೇ, ಪೆಟ್ಟಿಗೆಯನ್ನು ಕೊಂದಿದ್ದೂ ಅದೇ.
"ಹಳೇ ಮಾಲು ಸೇಠ್," ಅಂದೆ, ಕಣ್ಣು ತಪ್ಪಿಸಿ.

ಗುಂಡು ಮಾತ್ರ ಈಗ ನನ್ನ ಅಂಗಡಿಯಲ್ಲಿದೆ.
ಬಿಲ್ಲುಗಳ ಮೇಲೆ ಭಾರಕ್ಕಿಟ್ಟರೆ ನಿಲ್ಲುವುದಿಲ್ಲ,
ಮೇಜು ದಾಟಿ, ಬಿದ್ದು, ಬಾಗಿಲ ಎಡಕ್ಕೇ ಉರುಳುತ್ತದೆ.
ಇಪ್ಪತ್ತು ವರ್ಷ ಕೂತ ಅಂಗಡಿಯ ನೆಲ
ಆ ಕಡೆ ಇಳಿಜಾರು ಅಂತ ಗೊತ್ತಾದದ್ದೇ ಆಗ.