ನೀಲಿ ನೀರಿನ ಬಾಟಲಿ

ಸೊಹಾರಿನಲ್ಲಿ ಜೂನ್ ಎಂದರೆ
ಬೆಳಗಿನ ಏಳಕ್ಕೇ ಗೋಡೆ ಮುಟ್ಟಿದರೆ ಕೈ ಚುರ್ರೆನ್ನುತ್ತದೆ.
ಅಂಥದ್ದರಲ್ಲಿ ಜಲಜಾಕ್ಷಿ ಬಸಳೆ ಬೆಳೆಸಿದ್ದಾಳೆ.

ಒದ್ದೆ ಬೈರಾಸಿನಲ್ಲಿ ಸುತ್ತಿ, ನೈಟಿಯ ಮಡಿಕೆಯೊಳಗಿಟ್ಟು
ಕಸ್ಟಮ್ಸಿನವನ ಕಣ್ಣು ತಪ್ಪಿಸಿ ತಂದ ಎರಡೇ ತುಂಡು,
ಈಗ ಕಿಟಕಿಯ ಸರಳು ಹಿಡಿದು
ಎಸಿಯ ಹೊರಪೆಟ್ಟಿಗೆಯವರೆಗೆ ಏರಿದೆ.
ಬುಡದಲ್ಲಿ ಹರಿವೆ, ಆರು ಬೆಂಡೆ,
ನೆಟ್ಟಂದಿನಿಂದ ಗೇಣುದ್ದವೇ ಇರುವ ಕರಿಬೇವು.
ಎರಡು ಮಂಚ ಹಿಡಿಸುವಷ್ಟು ಜಾಗ.
ಅದನ್ನವಳು ಹಿತ್ತಿಲು ಎನ್ನುತ್ತಾಳೆ.
ನಾನು ನಗುವುದಿಲ್ಲ.

ಒಂದು ಬೆಳಿಗ್ಗೆ ಹರಿವೆಯ ನಡುವೆ ಗುಂಡಿ.
ಕಾವಲಿಯಷ್ಟು ದುಂಡಗೆ,
ಒಳಗೆ ಮೂರು ಬಿಳಿ ಕೂದಲು.
"ವಾದಿಯ ನಾಯಿ" ಎಂದಳು.
ವಾದಿ ಎಂದರೆ ಇಲ್ಲಿ ನೀರಿಲ್ಲದ ಹೊಳೆ.
ನಾಯಿ ವಾದಿಯದು, ದಾವೆ ಇವಳದು,
ರಾತ್ರಿಪಾಳಿ ಮುಗಿಸಿ ಬಂದ ನಾನು
ಹಲ್ಲುಜ್ಜುವ ಮೊದಲೇ ಸಾಕ್ಷಿ.

ಮೆಣಸಿನಪುಡಿ ಎರಚಿದಳು.
ಮಧ್ಯಾಹ್ನ ಬಿಸಿಗಾಳಿ ಎದ್ದು
ಪುಡಿಯೆಲ್ಲ ಅಡುಗೆಮನೆಗೇ ವಾಪಸು.
ನಾವಿಬ್ಬರೂ ಅತ್ತೆವು, ನಾಯಿಯೊಂದು ಬಿಟ್ಟು.
ನಿಂಬೆಸಿಪ್ಪೆ ಒಣಗಿ ಕಡ್ಡಿಯಾಯಿತು.
ಬೋರೆಮುಳ್ಳು ನನ್ನ ಚಪ್ಪಲಿಯನ್ನೇ ಹುಡುಕಿಕೊಂಡು ಬಂತು.

ಮನೆಯ ಮಾಲೀಕ ಖಲ್ಫಾನ್
ಹಳೆಯ ಮೀನುಬಲೆ ತಂದು ಕೊಟ್ಟ.
"ಒಳಗೆ ಬಿಡಬೇಡಿ, ಸರಿ. ಕಲ್ಲು ಮಾತ್ರ ಬೇಡ" ಎಂದ,
ನಾವು ಕಲ್ಲೆತ್ತಿದ್ದು ಕಂಡವನಂತೆ.
ಬಲೆ ಕಟ್ಟಿದೆವು. ಉಪ್ಪಿನ ವಾಸನೆ.
ವಾರದೊಳಗೆ ಬಸಳೆ ಅದನ್ನು ತನ್ನ ಚಪ್ಪರವೆಂದುಕೊಂಡಿತು,
ನಾಯಿ ಅಡಿಯಿಂದ ನುಸುಳಿತು.

ಕೊನೆಗೆ ನೀಲಿ.
ಊರಲ್ಲಿ ಗೇಟಿನ ಮುಂದೆ ಸಾಲಾಗಿ ಇಡುತ್ತಾರಲ್ಲ,
ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ, ಬಾಟಲಿ ತುಂಬ ನೀರು.
ನೀಲಿ ಕಂಡರೆ ನಾಯಿ ಹೆದರುತ್ತದಂತೆ.
ಯಾರು ಹೇಳಿದರೋ, ಯಾವ ನಾಯಿ ಒಪ್ಪಿತೋ.
ಏಳು ಬಾಟಲಿ ಇಟ್ಟಳು, ಏಳು ದಿನ ಗುಂಡಿಯಿಲ್ಲ.
ಎಂಟನೆಯ ದಿನ ಒಂದು ಬಾಟಲಿ ಉರುಳಿ ಬಿದ್ದಿತ್ತು,
ಖಾಲಿ.
ಮುಚ್ಚಳದ ತುಂಬ ಹಲ್ಲಿನ ಗುರುತು.

ಎತ್ತಿ ನೋಡಿದಳು. ತಿರುಗಿಸಿ ನೋಡಿದಳು.
"ಕುಡಿಯಿತಾ ಇದನ್ನು?"
ನಾನು ಸುಮ್ಮನಿದ್ದೆ.
ಊರಿಗೆಲ್ಲ ಸಿಹಿನೀರು ಹೊರುವ ಟ್ಯಾಂಕರಿನವನು ನಾನು,
ಐದು ಸಾವಿರ ಗ್ಯಾಲನ್ ಹೊರಗೆ ನಿಲ್ಲಿಸಿ
ಒಳಗೆ ಬಂದು ಮಲಗುವವನು.
ನನ್ನನ್ನೇನು ಕೇಳುತ್ತೀ.

ಉಳಿದ ಆರನ್ನೂ ಚೆಲ್ಲಿದಳು. ಮಣ್ಣು ನೀಲಿಯಾಯಿತು.
ಆಮೇಲೆ ದಿನವೂ ಒಂದೇ ಪ್ರಶ್ನೆ,
ಊಟ ಬಡಿಸುವಾಗ, ಬೇರೆ ಏನೋ ಕೇಳುವವಳಂತೆ:
"ದಾರಿಯಲ್ಲಿ ಕಂಡಿತಾ?"
ಕಂಡಿರಲಿಲ್ಲ.
ವಾದಿಯ ಸೇತುವೆಯ ಮೇಲೆ ಗಾಡಿ ನಿಧಾನ ಮಾಡುತ್ತಿದ್ದೆ,
ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು.
ಇಳಿದು ಏನು ಹೇಳಲಿ ಅವರಿಗೆ,
ಒಂದು ನೀಲಿ ಮೂತಿಯನ್ನು ಹುಡುಕುತ್ತಿದ್ದೇನೆ ಎಂದೇ?

ಹಿತ್ತಿಲಲ್ಲಿ ಹರಿವೆ ಚೆನ್ನಾಗಿ ಬಂತು.
ಪಲ್ಯ ಮಾಡಿದಳು. ಉಪ್ಪು ಮರೆತಿದ್ದಳು.

ನಿನ್ನೆ ಬೆಳಗಿನ ನಾಲ್ಕಕ್ಕೆ ಟ್ಯಾಂಕರು ನಿಲ್ಲಿಸಿ
ಹಿಂದಿನಿಂದ ಬಂದೆ.
ಎಸಿಯ ನೀರು ತೊಟ್ಟಿಕ್ಕುವ ಕಡೆ,
ಬಸಳೆಯ ನೆರಳಿನಲ್ಲಿ, ಬಾಯಿ ತೆರೆದು
ಒಂದೊಂದೇ ಹನಿ ನಾಲಿಗೆಗೆ ಹಿಡಿಯುತ್ತ ಮಲಗಿತ್ತು.
ಮೂತಿ ನೀಲಿಯಿತ್ತೋ ಇಲ್ಲವೋ, ಕತ್ತಲು.
ನನ್ನನ್ನು ನೋಡಿತು, ಏಳಲಿಲ್ಲ.
ಒಳಗೆ ಬಂದೆ. ಅವಳನ್ನು ಎಬ್ಬಿಸಲಿಲ್ಲ.

ಆರು ಗಂಟೆಗೆ ಹಿತ್ತಿಲಿನಿಂದ ಕೂಗು:
ಎರಡು ಬೆಂಡೆಗಿಡ ಮುರಿದಿದೆ, ಇನ್ನೊಂದು ಗುಂಡಿ!
ಹಾಳಾಗಿ ಹೋಗಲಿ, ಕಾಲು ಮುರಿಯಲಿ,
ಈ ಸಲ ಸಿಗಲಿ, ನಾನೇನು ಮಾಡುತ್ತೇನೆ ನೋಡು.
ಬೈಗುಳ ನಿಲ್ಲಲೇ ಇಲ್ಲ.
ಎಷ್ಟು ದಿನದ ಮೇಲೆ ಕೇಳಿದ ದನಿ.
ದಿಂಬು ತಿರುಗಿಸಿ
ನಾನು ನಿದ್ದೆಹೋದೆ.